ಹನ್ನೊಂದು ಗಂಟೆಯ ದಿಕ್ಕಿನ ಮೀನು

ಅಲ್ವರ್‌ಸ್ಟನ್, ಟಾಸ್ಮೇನಿಯಾ
೬ ಸೆಪ್ಟೆಂಬರ್ ೧೯೯೪

ಡಡ್ಲಿ,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ರಾಜಿಗೆ ಬಂದೆನೆಂದು ತಿಳಿಯಬೇಡ. ಒಂದು ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಅಕ್ಷರ ಇಷ್ಟು ದಪ್ಪ ಯಾಕೆಂದು ಕೇಳುತ್ತೀಯ. ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುವ ಕಪ್ಪು ಪೆನ್ನು ಇದು. ಸಾಧಾರಣ ಪೆನ್ನಿನಲ್ಲಿ ಬರೆದದ್ದು ನನಗೇ ಕಾಣುವುದಿಲ್ಲ. ಎರಡೂ ಕಣ್ಣಿನ ನಡುಭಾಗ ಹೋಗುತ್ತಿದೆ, ಅಂಚು ಮಾತ್ರ ಉಳಿದಿದೆ. ಎದುರಿಗೆ ಕೂತವನ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಡಾಕ್ಟರು ಇನ್ನೂ ಎಳೆಯ, ಸುತ್ತಿ ಬಳಸಿ ಮಾತಾಡುತ್ತಿದ್ದ. ‘ನೇರ ಹೇಳಪ್ಪ, ನನಗೂ ವಯಸ್ಸಾಗಿದೆ, ನಿನ್ನ ಹೊತ್ತೂ ಹಾಳು’ ಅಂದೆ. ‘ಬರೋ ಚಳಿಗಾಲದ ಹೊತ್ತಿಗೆ ಓದೋಕಾಗಲ್ಲ, ಗಾಡಿ ಓಡಿಸೋದು ಇವತ್ತಿಂದಲೇ ಬೇಡ’ ಅಂದ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು ನಿನ್ನ ಅಕ್ಕನ ಪಕ್ಕದಲ್ಲಿ ಕೈಕಟ್ಟಿ ಕೂತು ಮನೆಗೆ ಬಂದೆ. ಬೆರಿಲ್ ಇಡೀ ದಾರಿಯನ್ನು ಎರಡನೇ ಗೇರಿನಲ್ಲೇ ಮುಗಿಸಿದಳು.

ಬೇಕಾದದ್ದು ಇಷ್ಟೇ. ಪೂರ್ತಿ ಕತ್ತಲಾಗುವ ಮುಂಚೆ ಒಂದು ಸಲ ಬಟ್ಟಲಿಗೆ ಹೋಗಬೇಕು. ನಮ್ಮ ಬಟ್ಟಲು ಸರೋವರದ ಟ್ರೌಟ್ ಮೀನಿಗೆ ಗಾಳಕ್ಕೆ ಗರಿ ಸುತ್ತಿದ ಒಂದು ನೊಣ ಎಸೆಯಬೇಕು. ನನ್ನ ಕೈ ಚೆನ್ನಾಗಿದೆ, ಕಾಲೂ ಪರವಾಗಿಲ್ಲ. ಎಸೆಯುವುದಕ್ಕೆ ಕೈ ಸಾಕು. ಎಲ್ಲಿಗೆ ಎಸೆಯಬೇಕು ಎಂದು ದಿಬ್ಬದ ಮೇಲೆ ನಿಂತು ಕೂಗಿ ಹೇಳಲು ಒಂದು ಜೊತೆ ಕಣ್ಣು ಬೇಕು. ಗಾಳಗಾರರ ಸಂಘದ ಈಗಿನವರಿಗೆ ದೋಣಿಯಲ್ಲಿ ಕೂತು ಕಾಣದ ನೀರಿಗೆ ಬೀಸುವುದಷ್ಟೇ ಗೊತ್ತು. ಅದು ಗೋಡೆಯ ಹತ್ತಿರ ಮಾತಾಡಿದ ಹಾಗೆ. ಕಂಡ ಮೀನಿಗೆ ಮಾತ್ರ ಎಸೆಯುವವರು ನಾವಿಬ್ಬರೇ ಉಳಿದಿರುವುದು. ಬಟ್ಟಲಿನ ತಳದ ಒಂದೊಂದು ಕಲ್ಲೂ ನಿನಗೆ ಗೊತ್ತು. ಬೇರೆ ಯಾರನ್ನು ಕೇಳಲಿ?

ಫೋಟೋದ ವಿಷಯ ಮರೆತಿಲ್ಲ. ಫೋಟೋದಲ್ಲಿ ಮೀನಿರಬೇಕು, ಹಿಡಿದವನ ಮೋರೆಯಿರಬೇಕು, ಬೆಟ್ಟವಿರಬಾರದು. ಇದು ನಮ್ಮ ಅಪ್ಪಂದಿರ ಕಾಲದ ಮಾತು. ನಿನ್ನ ಏಳು ಪೌಂಡಿನ ಟ್ರೌಟಿನ ಹಿಂದೆ ಆ ಎರಡು ಕೋಡಿನ ಬೆಟ್ಟ ಎದೆ ಸೆಟೆಸಿ ನಿಂತು ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಬೆಟ್ಟವನ್ನು ಗುರುತಿಸದವನು ಈ ದ್ವೀಪದಲ್ಲಿ ಗಾಳ ಹಿಡಿಯಲು ಲಾಯಕ್ಕಲ್ಲ. ಮೂವತ್ತು ವರ್ಷ ನಾವು ಬಾಯಿಬಿಡದೆ ಕಾಪಾಡಿದ ನೀರಿನ ದಡದಲ್ಲಿ ಒಂದೇ ಬೇಸಗೆಯಲ್ಲಿ ಹನ್ನೊಂದು ಗುಡಾರ ಎದ್ದವು. ನೀನು ಫೋಟೋ ಕಳಿಸಿದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ, ಜಂಬ ಎಲ್ಲರಿಗೂ ಇರುತ್ತದೆ. ಕಳಿಸಿಲ್ಲ, ಹೇಗೆ ಹೋಯಿತೋ ಗೊತ್ತೇ ಇಲ್ಲ ಅಂದೆಯಲ್ಲ, ಅದಕ್ಕೆ ಸಿಟ್ಟು.

ಕ್ಷಮಿಸಿಲ್ಲ. ಕಣ್ಣು ಕೇಳುತ್ತಿದ್ದೇನೆ.

ಅಥೋಲ್


ಹಾಲ್ಟರ್ ಲಗೂನ್
೨೩ ಸೆಪ್ಟೆಂಬರ್ ೧೯೯೪

ಶ್ರೀ ಅಥೋಲ್ ಗೀವ್ಸ್ ಅವರಿಗೆ,

ತಮ್ಮ ಪತ್ರ ತಲುಪಿತು. ಹಿಮ ಬಿದ್ದು ಅಂಚೆಯ ವ್ಯಾನು ಒಂದು ವಾರ ಮೇಲಕ್ಕೆ ಬರಲಿಲ್ಲ, ಅದಕ್ಕೆ ಉತ್ತರ ತಡವಾಯಿತು.

ಕಣ್ಣಿನ ವಿಷಯ ಓದಿ ಬೇಜಾರಾಯಿತು. ಇದು ಮರ್ಯಾದೆಗೆ ಬರೆದ ವಾಕ್ಯವಲ್ಲ.

ಇನ್ನು ಉಳಿದ ವಿಷಯ. ೧೯೮೮ರ ಮೇ ತಿಂಗಳ ಸಂಘದ ಊಟದಲ್ಲಿ, ನಲವತ್ತು ಜನರ ಎದುರಿಗೆ, ಕಸ್ಟರ್ಡ್ ಬಡಿಸುತ್ತಿರುವಾಗ ನೀವು ಎದ್ದು ನಿಂತು ಆಡಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. ‘ಇವನು ಬಟ್ಟಲನ್ನ ಮಾರಿಕೊಂಡ. ಮಾರಿಕೊಂಡಿದ್ದು ಹಾಳಾಗ್ಲಿ, ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳ್ತಾನೆ. ಇವನ ಮಾತು ನಂಬಿ ನಾನು ಬಕೆಟ್ಟಿಗೂ ನೊಣ ಎಸೆಯಲ್ಲ.’ ಆಮೇಲೆ ಎಲ್ಲರೂ ಕಸ್ಟರ್ಡ್ ತಿಂದರು. ನಾನೂ ತಿಂದೆ. ಬಿಟ್ಟು ಎದ್ದರೆ ತಪ್ಪೊಪ್ಪಿಕೊಂಡ ಹಾಗಾಗುತ್ತಿತ್ತು.

ಈಗ ಆ ಸುಳ್ಳುಗಾರನೇ ದಿಬ್ಬದ ಮೇಲೆ ನಿಂತು ಅಲ್ಲಿ ಮೀನು, ಇಲ್ಲಿ ಮೀನು ಅನ್ನಬೇಕು, ನೀವು ನಂಬಿ ಎಸೆಯಬೇಕು. ಬಕೆಟ್ಟಿಗೂ ಎಸೆಯದವರು ಸರೋವರಕ್ಕೆ ಹೇಗೆ ಎಸೆಯುತ್ತೀರಿ? ಆಡಿದ ಮಾತನ್ನು ಆಡಿದ ಜಾಗದಲ್ಲಿ ಹಿಂದಕ್ಕೆ ತೆಗೆದುಕೊಂಡರೆ ಬರುತ್ತೇನೆ. ಮುಂದಿನ ಊಟ ಮೇ ತಿಂಗಳಲ್ಲಿ, ಅಷ್ಟರಲ್ಲಿ ಮೀನು ಹಿಡಿಯುವ ಋತು ಮುಗಿದಿರುತ್ತದೆ ಎನ್ನುತ್ತೀರಿ. ಹಾಗಾದರೆ ಬರೆದು ಕೊಡಿ, ಸಾಕು.

ತಗಡಿನ ಮನೆಯಲ್ಲಿ ನಿಮ್ಮ ಪಾಲಿನ ಮಂಚ ಹಾಗೇ ಇದೆ. ಕಾಡಿನಿಂದ ಬಂದ ಒಂದು ಪೊದೆಬಾಲದ ಪಾಸಮ್ ಅದರ ಮೇಲೆ ಮಲಗುತ್ತದೆ. ಎಬ್ಬಿಸಲು ಹೋಗಿಲ್ಲ. ಕಾಲುವೆ ಕಾಯುವ ಕೆಲಸ ಬಿಟ್ಟ ಮೇಲೆ ನನಗೆ ಬೇರೆ ಜೊತೆಯಿಲ್ಲ.

ಅಕ್ಕನಿಗೆ ನನ್ನ ಪ್ರೀತಿ ತಿಳಿಸಿ.

ಇಂತು,
ಡಿ. ಟ್ರಿಫಿಟ್


ಅಲ್ವರ್‌ಸ್ಟನ್
೧೧ ಅಕ್ಟೋಬರ್ ೧೯೯೪

ಡಡ್ಲಿ,

ನಾನು ಹೇಳುತ್ತೇನೆ, ಬೆರಿಲ್ ಬರೆಯುತ್ತಾಳೆ. ನಿನ್ನ ಇರುವೆಸಾಲಿನಂಥ ಅಕ್ಷರ ಓದಿ ಹೇಳಿದವಳೂ ಅವಳೇ. ಇನ್ನು ಮುಂದೆ ನೀನು ಬರೆಯುವುದೆಲ್ಲ ಅವಳ ಬಾಯಿಂದಲೇ ನನ್ನ ಕಿವಿಗೆ ಬೀಳುವುದು, ಅದನ್ನು ತಿಳಿದು ಬರೆ. (ಕಮಾ ಕೂಡ ಬಿಡದೆ ಓದುತ್ತೇನೆ. ಬೆರಿಲ್.)

ನನಗೆ ‘ನೀವು’ ಅಂದೆಯಂತೆ. ಅನ್ನು. ನಿನ್ನ ಬಾಯಿ, ನಿನ್ನ ಖುಷಿ.

ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ತಪ್ಪಾಡಿದ್ದರೆ ತಾನೇ ತೆಗೆದುಕೊಳ್ಳುವುದು. ಆ ಫೋಟೋ ತೆಗೆದವನು ನಾನು. ಎರಡೇ ಪ್ರತಿ ಮಾಡಿಸಿದ್ದು. ಒಂದು ನಿನಗೆ ಕೊಟ್ಟೆ, ಇನ್ನೊಂದು ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಅಂದಮೇಲೆ ಪತ್ರಿಕೆಗೆ ಹೋದದ್ದು ಯಾರದು? ಬೆಟ್ಟ ತಾನಾಗಿ ನಡೆದುಕೊಂಡು ಹೋಯಿತೇ? (ಹೇಳಿದ ಹಾಗೆ ಬರೆದಿದ್ದೇನೆ.)

ಈ ಮಧ್ಯೆ ಹಿತ್ತಿಲಿನಲ್ಲಿ ಅಭ್ಯಾಸ ನಡೆದಿದೆ. ಕೇಕಿನ ಡಬ್ಬಿಯ ಮುಚ್ಚಳವನ್ನು ಹುಲ್ಲಿನ ಮೇಲೆ ಎಲ್ಲೋ ಒಂದು ಕಡೆ ಇಟ್ಟು ಬೆರಿಲ್ ದಿಕ್ಕು ಹೇಳುತ್ತಾಳೆ, ನಾನು ಎಸೆಯುತ್ತೇನೆ. ಎದೆಯ ನೇರಕ್ಕೆ ಹನ್ನೆರಡು ಗಂಟೆ, ಬಲಗೈಗೆ ಮೂರು, ಎಡಗೈಗೆ ಒಂಬತ್ತು, ದೂರ ಎಷ್ಟು ಗಾಳದ ಕೋಲಿನುದ್ದ ಎಂದು ಹತ್ತು ಸಲ ಹೇಳಿಕೊಟ್ಟೆ. ಅವಳು ‘ಸ್ವಲ್ಪ ಆ ಕಡೆ, ಬಟ್ಟೆ ಒಣಗಿಸೋ ತಂತಿ ಇದೆಯಲ್ಲ, ಅದರ ಈಚೆ’ ಅನ್ನುತ್ತಾಳೆ. ತಂತಿ ಕಂಡಿದ್ದರೆ ಇವಳು ಯಾಕೆ ಬೇಕಿತ್ತು? ನೊಣ ಮೂರು ಸಲ ಅವಳ ದಿಂಬಿನ ಚೀಲಕ್ಕೆ ಸಿಕ್ಕಿಕೊಂಡಿತು. (ನಾಲ್ಕು ಸಲ.) ಪಕ್ಕದ ಮನೆಯ ಐಲೀನ್ ಬೇಲಿಯ ಆಚೆಯಿಂದ ‘ಏನ್ರೀ ಗೀವ್ಸ್, ಹುಲ್ಲಲ್ಲಿ ಕಚ್ತಾ ಇದೆಯಾ ಇವತ್ತು?’ ಅಂದಳು. ‘ಇಲ್ಲಮ್ಮ, ಬೇಲಿ ಹತ್ರ ಒಂದು ದೊಡ್ಡದು ಬಾಯಿ ತೆರಕೊಂಡು ನಿಂತಿದೆ’ ಅಂದೆ. ಅವಳು ಒಳಗೆ ಹೋದಳಂತೆ.

ಕೈ ಹಾಳಾಗಿಲ್ಲ, ಅದು ಗೊತ್ತಾಯಿತು. ಬಾ, ಬರದೆ ಇರು. ಕಾರಣ ಮಾತ್ರ ಕಟ್ಟಬೇಡ.

ಅಥೋಲ್


ಅಲ್ವರ್‌ಸ್ಟನ್
೧೨ ಅಕ್ಟೋಬರ್ ೧೯೯೪

ಪ್ರೀತಿಯ ಡಡ್ಲಿ,

ನಿನ್ನೆಯ ಕಾಗದವನ್ನು ನಾನೇ ಬರೆದು, ನಾನೇ ಅಂಚೆಗೆ ಹಾಕಿ ಬಂದೆ. ‘ಯಾರದು?’ ಎಂದು ಅವರು ಕೇಳಿದಾಗ ಪೆನ್ನು ನನ್ನ ಕೈಯಲ್ಲೇ ಇತ್ತು. ಅವರು ಹೇಳಿದ್ದನ್ನು ಬರೆದೆ, ಬೇರೇನೂ ಬರೆಯಲಿಲ್ಲ.

ನಿನಗೆ ಅರವತ್ತು ತುಂಬಿತೆಂದು ನೆಗೆಟಿವ್ ತೆಗೆದುಕೊಂಡು ಹೋಗಿ ಇನ್ನೊಂದು ಪ್ರತಿ ಹಾಕಿಸಿ ಪತ್ರಿಕೆಗೆ ಕಳಿಸಿದವಳು ನಾನು. ನೀನು ಅಷ್ಟು ನಗುತ್ತಿದ್ದ ಫೋಟೋ ಬೇರೆ ಇರಲಿಲ್ಲ. ಹಿಂದಿದ್ದ ಬೆಟ್ಟ ಚೆನ್ನಾಗಿ ಬಂದಿದೆ ಎಂದು ಖುಷಿ ಕೂಡ ಪಟ್ಟಿದ್ದೆ. ನಲವತ್ತು ವರ್ಷ ಗಾಳ ಹಿಡಿದವನ ಹೆಂಡತಿಗೆ ಅಷ್ಟು ಗೊತ್ತಾಗಬೇಕಿತ್ತು. ನೀವಿಬ್ಬರೂ ಕತ್ತರಿ ಹಿಡಿದು ಫೋಟೋಗಳ ಮೇಲ್ಭಾಗ ಕತ್ತರಿಸುತ್ತಿದ್ದದ್ದು ನೋಡಿದ್ದೇನೆ. ಚೌಕಟ್ಟಿಗೆ ಕೂರಿಸುವುದಕ್ಕೆ ಇರಬೇಕು ಎಂದುಕೊಂಡಿದ್ದೆ.

ಅವತ್ತು ಊಟಕ್ಕೆ ಕೂರುವ ಮುಂಚೆ, ಕೋಟು ತೂಗುಹಾಕುವ ಕಡೆ, ನಿನಗೆ ಹೇಳಿದೆ. ‘ಬಾಯಿ ಮುಚ್ಚಿಕೊಂಡಿರು ಅಕ್ಕ, ನಾನು ನೋಡ್ಕೋತೀನಿ’ ಅಂದೆ. ನೀನು ನೋಡಿಕೊಂಡದ್ದು ಆರು ವರ್ಷಕ್ಕೆ ಬಂತು. ಮೊದಲ ವಾರ ಹೇಳಲು ಹೆದರಿದೆ. ಎರಡನೆಯ ವರ್ಷದಲ್ಲಿ, ಮೊದಲ ವಾರ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆಂದು ಹೆದರಿದೆ. ಈಗ ಅವರು ನನ್ನ ಮುಖದ ಕಡೆ ತಿರುಗಿ ನನ್ನ ಕಿವಿಯನ್ನು ನೋಡುತ್ತಾರೆ. ಇನ್ನು ತಡೆದುಕೊಳ್ಳಲು ಆಗುವುದಿಲ್ಲ. ಹೇಳಿಬಿಡುತ್ತೇನೆ.

ಉತ್ತರವನ್ನು ಗ್ರಂಥಾಲಯದ ವಿಳಾಸಕ್ಕೆ ಕಳಿಸು. ಮಂಗಳವಾರ ನಾನು ಅಲ್ಲಿರುತ್ತೇನೆ.

ನಿನ್ನ ಅಕ್ಕ,
ಬೆರಿಲ್


ಹಾಲ್ಟರ್ ಲಗೂನ್
೨೮ ಅಕ್ಟೋಬರ್ ೧೯೯೪

ಅಕ್ಕ,

ಹೇಳಬೇಡ.

ನನ್ನ ಮೇಲಿನ ಸಿಟ್ಟು ನೂರು ಮೈಲಿ ದೂರದಲ್ಲಿದೆ, ಅದಕ್ಕೆ ನಾನೂ ಒಗ್ಗಿಹೋಗಿದ್ದೇನೆ. ನಿನ್ನ ಮೇಲೆ ಸಿಟ್ಟಾದರೆ ಭಾವ ದಿನಾ ಬೆಳಿಗ್ಗೆ ಅದರ ಎದುರಿಗೆ ಕೂತು ಟೋಸ್ಟ್ ತಿನ್ನಬೇಕು. ಅವನ ಸ್ವಭಾವ ನಿನಗಿಂತ ಚೆನ್ನಾಗಿ ನನಗೆ ಗೊತ್ತು, ಒಂದೇ ತಗಡಿನ ಮನೆಯಲ್ಲಿ ಅವನ ಜೊತೆ ಮೂರು ದಿನ ಮಂಜಿನಲ್ಲಿ ಸಿಕ್ಕಿಬಿದ್ದವನು ನಾನು. ಮೊದಲು ಮಾತು ಬಿಡುತ್ತಾನೆ, ಆಮೇಲೆ ಮಾತು ಬಿಟ್ಟಿದ್ದೇನೆಂದು ಎಲ್ಲರಿಗೂ ಹೇಳುತ್ತಾನೆ. ಕಣ್ಣು ಹೋಗುತ್ತಿರುವವನಿಗೆ ಓದಿ ಹೇಳುವವಳು, ಮೆಟ್ಟಿಲು ಹೇಳುವವಳು, ಗಾಡಿ ಓಡಿಸುವವಳು ನೀನೊಬ್ಬಳೇ. ಆ ಕೈಯನ್ನು ಅವನು ಈಗ ಕೊಡವಿಕೊಳ್ಳುವುದು ಬೇಡ.

ನಾನು ಬರುತ್ತೇನೆ. ಮಾತು ಹಿಂದಕ್ಕೆ ಬೇಡ ಎಂದು ಅವನಿಗೆ ಬೇರೆ ಬರೆಯುತ್ತೇನೆ. ತ್ಯಾಗ ಗೀಗ ಎಂದುಕೊಂಡು ಅಳಬೇಡ. ನಿಜ ಹೇಳಬೇಕೆಂದರೆ ಅವನಿಲ್ಲದೆ ನನಗೂ ಬೇಸರ. ಈ ಆರು ವರ್ಷದಲ್ಲಿ ನಾನು ಬಟ್ಟಲಿಗೆ ಹೋಗಿಲ್ಲ. ಎರಡು ಸಲ ಹೊರಟೆ. ಹುಲ್ಲುಗುಪ್ಪೆಗಳ ಬಯಲು ಶುರುವಾಗುವ ಕಡೆಯವರೆಗೆ ನಡೆದು, ಮೀನು ಕಂಡರೆ ಯಾರಿಗೆ ಕೂಗಿ ಹೇಳಲಿ ಎನ್ನಿಸಿ ವಾಪಸ್ಸು ಬಂದೆ.

ಓದಿ ಹರಿದುಹಾಕು.

ನಿನ್ನ ತಮ್ಮ,
ಡಡ್ಲಿ


ಹಾಲ್ಟರ್ ಲಗೂನ್
೩೦ ಜನವರಿ ೧೯೯೫

ಅಥೋಲ್,

ನವೆಂಬರಿನಲ್ಲಿ ಬರೆದ ಹಾಗೆ, ಹಠ ಬಿಟ್ಟಿದ್ದೇನೆ. ಅದರ ಬಗ್ಗೆ ಇನ್ನು ಮಾತು ಬೇಡ.

ಫೆಬ್ರವರಿ ಎರಡನೆಯ ವಾರ ಬಾ. ಮೋಡವಿಲ್ಲದ ದಿನ ಬೇಕು, ಸೂರ್ಯ ನೆತ್ತಿಯ ಹತ್ತಿರ ಇರಬೇಕು, ಅಂದರೆ ಹತ್ತೂವರೆಯಿಂದ ಮೂರು. ಅಕ್ಕನೇ ಗಾಡಿ ತರಲಿ, ಈ ಏರಿಗೆ ಎರಡನೇ ಗೇರೇ ಸರಿ. ಅವಳು ಮನೆಯಲ್ಲಿರಲಿ, ನಾವಿಬ್ಬರೇ ನಡೆಯೋಣ. ಎರಡು ಗಂಟೆಯ ದಾರಿಗೆ ಈಗ ಮೂರು ಹಿಡಿಯಬಹುದು. ನನ್ನ ಬೆನ್ನುಚೀಲದ ಪಟ್ಟಿ ಹಿಡಿದುಕೊಂಡು ಬಾ. ಹುಲಿಹಾವುಗಳು ಓಡಾಡುತ್ತಿವೆ, ಮೊಣಕಾಲುವರೆಗಿನ ಕಾಪು ಹಾಕಿಕೋ.

ಗುಡಾರದವರು ಯಾರೂ ಮೂರು ಬೇಸಗೆಯಿಂದ ಅತ್ತ ಹೋಗುತ್ತಿಲ್ಲವಂತೆ. ಒಂದೋ ಅವರಿಗೆ ಬೇಸರ ಬಂದಿದೆ, ಇಲ್ಲವೋ ಅಲ್ಲಿ ಹಿಡಿಯಲು ಏನೂ ಉಳಿದಿಲ್ಲ. ಅದು ಹೋಗಿ ನೋಡಿದರೆ ತಿಳಿಯುತ್ತದೆ. ನಾನು ನೋಡಿಲ್ಲ.

ಚಹಾ ಇದೆ. ಕುರಿಮಾಂಸ ಬೇಯಿಸಿಟ್ಟಿರುತ್ತೇನೆ. ಬ್ರೆಡ್ಡು ನೀವು ತನ್ನಿ.

ಡಡ್ಲಿ


ಅಲ್ವರ್‌ಸ್ಟನ್
೨೫ ಫೆಬ್ರವರಿ ೧೯೯೫

ಡಡ್ಲಿ,

ಬಂದು ಹತ್ತು ದಿನವಾಯಿತು. ಕಾಲಿನ ನೋವು ಇಳಿದಿದೆ, ಬೇರೆಲ್ಲ ಹಾಗೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ದಾರಿಯಲ್ಲಿ ನೀನು ಹೆಚ್ಚು ಮಾತಾಡಲಿಲ್ಲ. ‘ಕಲ್ಲು’, ‘ಕೆಸರು’, ‘ಕಾಲೆತ್ತು’ ಇಷ್ಟೇ. ಅದು ನನಗೆ ಹಿತವಾಗಿತ್ತು. ಪೆನ್ಸಿಲ್ ಪೈನ್ ಮರಗಳ ವಾಸನೆ ಬಂದಾಗ ಬಟ್ಟಲು ಬಂತೆಂದು ನಾನೇ ಹೇಳಿದೆ, ನೀನು ಹೂಂ ಅಂದೆ. ನೀರು ನನಗೆ ಒಂದು ಹೊಳಪಿನ ಹಾಗೆ, ಅಂಚಿನಲ್ಲಿ ಮಾತ್ರ ಕಂಡಿತು. ಬೆಟ್ಟದ ಬಲಗೋಡು ಕಂಡಿತು. ಎಡಗೋಡು ಇದೆಯೆಂದು ನಂಬಿಕೊಂಡೆ.

ಬೆಳಿಗ್ಗೆಯೆಲ್ಲ ನೀನು ದಿಬ್ಬದ ಮೇಲೆ ನಡೆದೆ, ನಾನು ಕೆಳಗೆ ನಡೆದೆ. ನೀನು ಏನೂ ಕೂಗಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಇಲ್ಲ ಅಂದುಬಿಡುತ್ತೀಯ ಎಂದು ಹೆದರಿಕೆಯಿತ್ತು, ಈಗ ಹೇಳಿದರೆ ತಪ್ಪಿಲ್ಲ. ಎರಡು ಗಂಟೆಯ ಹೊತ್ತಿಗೆ ನೀನು ಕೂಗಿದೆ. ‘ಹನ್ನೊಂದು ಗಂಟೆ. ಮೂರು ಕೋಲು ದೂರ. ನಿನ್ ಕಡೆಗೇ ಬರ್ತಾ ಇದೆ. ಈಗ.’ ನಾನು ಎಸೆದೆ. ‘ಏಳ್ತಾ ಇದೆ, ಮೂತಿ ನೊಣದ ಹತ್ರ ತಂತು’ ಅಂದೆ ನೀನು. ಆಮೇಲೆ ‘ಇಲ್ಲ, ತಿರುಗಿಬಿಡ್ತು. ಐದು ಪೌಂಡಾದರೂ ಇತ್ತು’ ಅಂದೆ. ‘ಎಸೆತ ಹೇಗಿತ್ತು?’ ಎಂದು ನಾನು ಕೇಳಿದೆ. ‘ಎಲೆ ಬಿದ್ದ ಹಾಗೆ ಬಿತ್ತು, ಭಾವ’ ಅಂದೆ.

ಮೀನು ಬಾರದಿದ್ದರೆ ಏನಂತೆ, ಬೇಡ ಅನ್ನುವ ಹಕ್ಕು ಅದಕ್ಕೂ ಇದೆ. ಬಟ್ಟಲಿನಲ್ಲಿ ಮೀನಿದೆ, ಗುಡಾರದವರು ಎಲ್ಲವನ್ನೂ ಹುರಿದು ತಿಂದು ಮುಗಿಸಿಲ್ಲ, ನನಗೆ ಅಷ್ಟು ಸಾಕು. ಹಾಳಾಯಿತು ಎಂದುಕೊಂಡದ್ದು ಹಾಳಾಗಿಲ್ಲ. ಅದಲ್ಲದೆ, ಅಷ್ಟು ಹೊತ್ತು ನಾನು ನಿನ್ನ ಬಾಯಿಮಾತನ್ನೇ ನಂಬಿ ನೀರಿನಲ್ಲಿ ನಿಂತಿದ್ದೆ. ಹಾಗೆ ನಂಬಿ ನಿಂತವನು ಮನೆಗೆ ಬಂದು ನಿನ್ನನ್ನು ಸುಳ್ಳುಗಾರ ಎಂದರೆ ನನ್ನ ನಾಲಗೆಗೇ ನಾಚಿಕೆ.

ಆದ್ದರಿಂದ ಮೇ ಇಪ್ಪತ್ತರ ಊಟದಲ್ಲಿ ಎದ್ದು ನಿಂತು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಂಘದ ಅಧ್ಯಕ್ಷನಿಗೆ ಫೋನು ಮಾಡಿ ಆ ದಿನದ ಕಾರ್ಯಕ್ರಮದಲ್ಲಿ ಹಾಕಿಸಿದ್ದೇನೆ, ಕಸ್ಟರ್ಡಿಗೆ ಮುಂಚೆ. (ಕ್ಷೌರ ಮಾಡಿಕೊಳ್ಳುವಾಗ ಸಿಳ್ಳೆ ಹಾಕುತ್ತಾರೆ. ಎರಡು ವರ್ಷದಿಂದ ಹಾಕಿರಲಿಲ್ಲ. ಬೆರಿಲ್.)

ನಿನ್ನ ಭಾವ,
ಅಥೋಲ್


ಹಾಲ್ಟರ್ ಲಗೂನ್
೧೮ ಮಾರ್ಚ್ ೧೯೯೫

ಭಾವ,

ಅಕ್ಕ, ಇದನ್ನು ಒಂದು ಸಾಲೂ ಬಿಡದೆ ಓದು.

ಮೀನಿರಲಿಲ್ಲ.

ಹತ್ತೂವರೆಯಿಂದ ಎರಡರವರೆಗೆ ಬಟ್ಟಲಿನ ಇಡೀ ಉತ್ತರ ದಡ ನೋಡಿದೆ. ಗಾಜಿನಂಥ ನೀರು, ಒಳ್ಳೆಯ ಬೆಳಕು. ತಳದ ಕಲ್ಲು ಎಣಿಸಬಹುದಿತ್ತು. ದೊಡ್ಡ ಮೀನಿಲ್ಲ, ಚಿಕ್ಕದಿಲ್ಲ, ಮರಿಯಿಲ್ಲ. ಹಳೆಯ ಗುಡಾರಗಳ ಬೂದಿಗುಂಡಿಗಳು ಹಾಗೇ ಇದ್ದವು, ನಿನ್ನನ್ನು ಸುತ್ತು ಬಳಸಿ ಕರೆದುಕೊಂಡು ಹೋದೆ. ಎರಡು ಗಂಟೆಗೆ ಪಡುವಣದಿಂದ ಮೋಡ ಬರುತ್ತಿತ್ತು. ಇನ್ನು ಅರ್ಧ ಗಂಟೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನೀನು ಕೋಲು ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದೆ. ಕೂರಲಿಲ್ಲ, ಬೈಯಲಿಲ್ಲ, ಇದೆಯಾ ಎಂದು ಕೂಡ ಕೇಳಲಿಲ್ಲ. ನನ್ನಿಂದ ನೋಡಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಕೂಗಿದೆ. ಒಮ್ಮೆ ಕೂಗಿದ ಮೇಲೆ ಆ ಮೀನನ್ನು ಎಬ್ಬಿಸಬೇಕಾಯಿತು, ತಿರುಗಿಸಬೇಕಾಯಿತು, ತೂಕವನ್ನೂ ಹೇಳಬೇಕಾಯಿತು.

ಕಾಣದ ನೀರಿಗೆ ನಿನ್ನ ಕೈಯಿಂದ ನೊಣ ಎಸೆಸಿದೆ. ಜೀವಮಾನವಿಡೀ ನೀನು ಮಾಡದ ಕೆಲಸ ಅದು. ಸುಮ್ಮನೆ ಇದ್ದುಬಿಡೋಣ ಎಂದುಕೊಂಡಿದ್ದೆ. ಆದರೆ ಆ ಮೀನಿನ ಬಲದ ಮೇಲೆ ನೀನು ನಲವತ್ತು ಜನರೆದುರು ಎದ್ದು ನಿಲ್ಲುತ್ತೀಯ ಎಂದು ಓದಿದ ಮೇಲೆ ಪೆನ್ನು ತೆಗೆದುಕೊಂಡೆ. ಎದ್ದು ನಿಲ್ಲಬೇಡ. ಸುಳ್ಳುಗಾರ ಅಂದದ್ದು ಹಾಗೇ ಇರಲಿ. ನೀನು ಆರು ವರ್ಷ ಮುಂಚಿತವಾಗಿ ಅಂದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು. ಫೋಟೋ ಹೇಗೆ ಹೋಯಿತೋ ಗೊತ್ತೇ ಇಲ್ಲ ಎಂದು ಅವತ್ತು ಹೇಳಿದ್ದೂ ಸುಳ್ಳು. ಗೊತ್ತಿತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡ.

ಡಡ್ಲಿ


ಅಲ್ವರ್‌ಸ್ಟನ್
೧೭ ಏಪ್ರಿಲ್ ೧೯೯೫

ಡಡ್ಲಿ,

ಇದನ್ನು ನಾನೇ ಬರೆಯುತ್ತಿದ್ದೇನೆ. ಪುಟಕ್ಕೆ ನಾಲ್ಕು ಸಾಲು ಹಿಡಿಯುತ್ತದೆ, ಒಂದರ ಮೇಲೊಂದು ಹತ್ತಿದ್ದರೂ ಹತ್ತಿರಬಹುದು. ನಿಧಾನವಾಗಿ ಓದು.

ನಿನ್ನ ಕಾಗದವನ್ನು ಬೆರಿಲ್ ಅಡುಗೆಮನೆಯಲ್ಲಿ ಓದಿದಳು. ಬಿಡದೆ ಓದಿದಳು. ಕೊನೆಯ ಸಾಲು ಮುಗಿದ ಮೇಲೂ ಕಾಗದ ಮಡಚುವ ಸದ್ದು ಬರಲಿಲ್ಲ. ‘ಮುಂದಿಂದು ನಾನು ಹೇಳ್ತೀನಿ’ ಅಂದಳು. ಹೇಳಿದಳು.

ಒಂಬತ್ತು ದಿನ ಅವಳೊಂದಿಗೆ ಮಾತಾಡಲಿಲ್ಲ. ಬೇಲಿಯ ಹತ್ತಿರ ಐಲೀನ್‌ಗೆ ‘ನಾನು ಬೆರಿಲ್ ಹತ್ರ ಮಾತು ಬಿಟ್ಟಿದೀನಿ’ ಅಂದೆ. ‘ಬಿಟ್ಟು ಏನ್ಮಾಡ್ತೀರಿ, ಸಾಕ್ಸು ಯಾವುದು ಅಂತ ನನ್ನ ಕೇಳ್ತೀರಾ?’ ಅಂದಳು. ಸಿಟ್ಟು ಫೋಟೋಕ್ಕಲ್ಲ. ಹೆಂಡತಿ ಮತ್ತು ಮೈದುನ ಸೇರಿ ಆರು ವರ್ಷ ನನ್ನನ್ನು ತಪ್ಪು ಮನುಷ್ಯನ ಮೇಲೆ ಕೂಗುವುದಕ್ಕೆ ಬಿಟ್ಟಿರಿ. ನನ್ನ ಸಿಟ್ಟನ್ನು ಚಿಕ್ಕ ಮಗುವಿನ ಹಾಗೆ ಇಬ್ಬರೂ ಎತ್ತಿ ಆಡಿಸಿದಿರಿ. ಅದು ಇನ್ನೂ ಚುಚ್ಚುತ್ತದೆ. ಆಮೇಲೆ, ನಾನು ಎಂಥವನಾಗಿದ್ದರೆ ಇವರಿಬ್ಬರಿಗೂ ನನ್ನ ಹತ್ತಿರ ನಿಜ ಹೇಳಲು ಅಷ್ಟು ಹೆದರಿಕೆ ಎಂದು ಯೋಚಿಸಿದೆ. ಅದು ಇನ್ನೂ ಹೆಚ್ಚು ಚುಚ್ಚಿತು.

ಹತ್ತನೆಯ ದಿನ ಬೆಳಿಗ್ಗೆ ನಾನು ಕೇಳದೆಯೇ ಅವಳು ದಿನಪತ್ರಿಕೆ ಓದತೊಡಗಿದಳು, ಹವಾಮಾನದಿಂದ. ಬೆಟ್ಟದಲ್ಲಿ ಹಿಮ ಅಂದಳು. ‘ಎಷ್ಟು ಕೆಳಗಿನವರೆಗೆ?’ ಎಂದು ಬಾಯಿಂದ ಬಂದುಬಿಟ್ಟಿತು. ಅಲ್ಲಿಗೆ ಮುಗಿಯಿತು.

ಮೇ ಇಪ್ಪತ್ತರಂದು ಎದ್ದು ನಿಲ್ಲುತ್ತೇನೆ. ಸುಳ್ಳುಗಾರ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ಸರಿ ಎಂದು ನೀನೇ ಬರೆದು ಕೊಟ್ಟಿದ್ದೀಯ. ಬಟ್ಟಲನ್ನು ಮಾರಿಕೊಂಡ ಅಂದದ್ದನ್ನು ತೆಗೆದುಕೊಳ್ಳುತ್ತೇನೆ. ಹಾಗಾದರೆ ಫೋಟೋ ಕಳಿಸಿದ್ದು ಯಾರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗೊತ್ತೇ ಇಲ್ಲ ಅನ್ನುತ್ತೇನೆ.

ಬಟ್ಟಲು ಬರಿದಾಯಿತು ಎಂದು ಕೇಳಿ ನೋವಾಯಿತು. ಅದನ್ನು ಬರೆದು ಉದ್ದ ಮಾಡುವುದಿಲ್ಲ.

ಒಂದು ಉಳಿದಿದೆ. ಮೀನು ಸುಳ್ಳಾದರೂ ನಾನು ಎಸೆದದ್ದು ಸುಳ್ಳಲ್ಲ. ನೊಣ ಹೋಗಿ ನೀರಿನ ಮೇಲೆ ಎಲ್ಲೋ ಬಿತ್ತು. ನಾನು ಅದನ್ನು ನೋಡಲಿಲ್ಲ. ನೋಡಿದವನು ಲೋಕದಲ್ಲಿ ನೀನೊಬ್ಬನೇ. ಬೆರಿಲ್ ಮುಚ್ಚಳದ ಹತ್ತಿರ ನಿಂತು ಪ್ರತಿ ಸಲವೂ ‘ಚೆನ್ನಾಗಿ ಬಿತ್ತು’ ಅನ್ನುತ್ತಾಳೆ, ತಂತಿಗೆ ಸಿಕ್ಕಿಕೊಂಡಾಗಲೂ. ಎಲೆ ಬಿದ್ದ ಹಾಗೆ ಬಿತ್ತು ಎಂದು ನೀನು ಹೇಳಿದ್ದನ್ನು ನಾನು ಎರಡು ತಿಂಗಳು ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ. ಈಗ ಅದನ್ನು ಇಟ್ಟುಕೊಳ್ಳಲೋ ಬೇಡವೋ ತಿಳಿಯದು.

ಹೇಗೆ ಬಿತ್ತು?

ಅಥೋಲ್


ಹಾಲ್ಟರ್ ಲಗೂನ್
೨ ಮೇ ೧೯೯೫

ಭಾವ,

ಕೆಟ್ಟದಾಗಿ ಬಿತ್ತು.

ನಾನು ಹೇಳಿದ ಜಾಗಕ್ಕಿಂತ ಒಂದು ಕೋಲಿನಷ್ಟು ಈಚೆಗೇ ಬಿತ್ತು. ದಾರ ನೀರಿಗೆ ಚಟ್ಟನೆ ಬಡಿಯಿತು, ಆ ಸದ್ದು ನನಗೆ ದಿಬ್ಬದ ಮೇಲಕ್ಕೂ ಕೇಳಿಸಿತು. ಅಲ್ಲಿ ಮೀನಿದ್ದಿದ್ದರೆ ಆಚೆ ದಡಕ್ಕೆ ಹೋಗಿ ನಿಲ್ಲುತ್ತಿತ್ತು.

ಕೈ ಹಾಳಾಗಿದೆ ಎಂದಲ್ಲ. ನೀನು ಅವಸರ ಮಾಡುತ್ತೀಯ. ಮುಂಚೆ ಕೋಲನ್ನು ಹಿಂದಕ್ಕೆ ಬೀಸಿದಾಗ ತಲೆ ತಿರುಗಿಸಿ ದಾರ ಬಿಚ್ಚಿಕೊಂಡಿತೋ ಇಲ್ಲವೋ ನೋಡಿಕೊಳ್ಳುತ್ತಿದ್ದೆ. ಈಗಲೂ ತಲೆ ತಿರುಗಿಸುತ್ತೀಯ, ಏನೂ ಕಾಣುವುದಿಲ್ಲ, ಗಾಬರಿಯಲ್ಲಿ ಬೇಗ ಮುಂದಕ್ಕೆ ಬೀಸಿಬಿಡುತ್ತೀಯ. ತಿರುಗಬೇಡ. ಕಾದು ನಿಲ್ಲು. ದಾರ ಹಿಂದೆ ಪೂರ್ತಿ ನೆಟ್ಟಗಾದಾಗ ಕೋಲು ಕೈಯನ್ನು ಒಂದಿಷ್ಟು ಎಳೆಯುತ್ತದೆ. ಅದಕ್ಕೆ ಕಣ್ಣು ಬೇಕಾಗಿಲ್ಲ. ಹಿತ್ತಿಲಿನಲ್ಲಿ ಅಭ್ಯಾಸ ಮಾಡು, ಮುಚ್ಚಳ ಬೇಡ, ಅಕ್ಕನೂ ಬೇಡ.

ಆಗಸ್ಟಿನಲ್ಲಿ ಋತು ತೆರೆದಾಗ ಇಲ್ಲಿಗೇ ಬಾ, ಮನೆಯ ಎದುರಿನ ಲಗೂನ್ ಕೆರೆಗೆ. ಇಲ್ಲಿಯ ಮೀನು ಚಿಕ್ಕವು, ನೀರು ಸ್ವಲ್ಪ ಕಂದು, ದಿಬ್ಬ ತಗ್ಗು. ಬಟ್ಟಲಿನ ಹಾಗೆ ಕಾಣುವುದಿಲ್ಲ. ಮೀನಿದ್ದರೆ ಇದೆ ಅನ್ನುತ್ತೇನೆ. ಇಲ್ಲದಿದ್ದರೆ ಇಲ್ಲ ಅನ್ನುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಇಲ್ಲ, ಇಲ್ಲ ಎಂದೇ ಅನ್ನಬೇಕಾಗಿ ಬಂದರೂ ಅಷ್ಟನ್ನೇ ಅನ್ನುತ್ತೇನೆ. ನೀನು ಕೇಳು.

ನಿನ್ನ ಮೈದುನ,
ಡಡ್ಲಿ